ನಾಳೆ ಫ್ರೀ ಇದ್ದೀಯಾ?

ರಾತ್ರಿ ಹನ್ನೊಂದೂವರೆಗೆ ಫೋನ್ ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಸಿನಿಮಾ, ಸೀರಿಯಲ್ಲಿನವರಿಗೆ ಮಾತ್ರ ಹಾಗಾಗುವುದಿಲ್ಲ. ಅವರ ಲೆಕ್ಕದಲ್ಲಿ ಅದು ನೌಕರಿಯ ಸಂದರ್ಶನ. ಪ್ರಶ್ನೆ ಎರಡೇ. 'ನಾಳೆ ಫ್ರೀ ಇದ್ದೀಯಾ?' ಇದ್ದೀನಿ ಸಾರ್ ಅಂದರೆ, 'ಬೆಳಿಗ್ಗೆ ಐದಕ್ಕೆ ಇರು.' ಎರಡನೆಯದು ಪ್ರಶ್ನೆಯೇ ಅಲ್ಲ ಅಂತ ನೀವು ಗಮನಿಸುವಷ್ಟರಲ್ಲಿ ಆ ಕಡೆ ಫೋನ್ ಕಟ್ಟಾಗಿರುತ್ತದೆ.

ಮೊದಲನೆಯ ಪ್ರಶ್ನೆ ಅರ್ಥವಾಗಲು ನನಗೆ ಮೂರು ಸಿನಿಮಾ ಹಿಡಿಯಿತು. ಬಿಡುವಾಗಿದ್ದೀಯಾ ಅಂತ ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಕೇಳುತ್ತಿದ್ದದ್ದು ಪುಕ್ಕಟೆ ಇದ್ದೀಯಾ ಅಂತ.

ಬೇರೆ ಕಡೆ ಕೆಲಸಕ್ಕೆ ಅರ್ಜಿ ಇರುತ್ತದೆ, ಅಂಕಪಟ್ಟಿ ಇರುತ್ತದೆ, ಮೇಜಿನಾಚೆ ಮೂವರು ಕೂತು 'ಐದು ವರ್ಷದಲ್ಲಿ ನಿಮ್ಮನ್ನು ಎಲ್ಲಿ ನೋಡ್ತೀರಿ' ಅಂತೆಲ್ಲ ಕೇಳುತ್ತಾರೆ. ನಮ್ಮಲ್ಲಿ ಐದು ವರ್ಷದ ಮಾತು ಬಿಡಿ, ಐದು ದಿನದಾಚೆ ಯಾರೂ ಯಾರನ್ನೂ ನೋಡಿದ್ದಿಲ್ಲ. ಇಲ್ಲಿ ನಡೆಯುವ ವಿದ್ಯಾರ್ಹತೆ ಒಂದೇ: ನೀನು ಯಾರ ಕಡೆಯವನು?

ಈ 'ಕಡೆ' ಹೇಗೆ ಕೆಲಸ ಮಾಡುತ್ತದೆಂದರೆ, ನಿರ್ಮಾಪಕ ಒಬ್ಬ ಛಾಯಾಗ್ರಾಹಕನಿಗೆ ಫೋನ್ ಮಾಡುತ್ತಾನೆ. ಛಾಯಾಗ್ರಾಹಕ ಲೆನ್ಸಿನ ಫೋಕಸ್ ನೋಡಿಕೊಳ್ಳುವ ತನ್ನ ಫೋಕಸ್ ಪುಲ್ಲರ್‌ಗೂ ಗ್ಯಾಫರ್‌ಗೂ, ಅಂದರೆ ಲೈಟಿನವರ ಯಜಮಾನನಿಗೂ, ಫೋನ್ ಮಾಡುತ್ತಾನೆ. ಗ್ಯಾಫರ್ ತನ್ನ ಬಲಗೈಯಾದ ಬೆಸ್ಟ್ ಬಾಯ್‌ಗೆ. ಬೆಸ್ಟ್ ಬಾಯ್ ಉಳಿದ ಲೈಟ್‌ಮನ್‌ಗಳಿಗೆ. ಕಲಾ ವಿಭಾಗ, ವಸ್ತ್ರ ವಿಭಾಗ, ಸೌಂಡಿನವರು, ಎಲ್ಲರದ್ದೂ ಇದೇ ಕಥೆ. ಒಬ್ಬೊಬ್ಬ ಯಜಮಾನನ ಬೆನ್ನಿಗೂ ಒಂದೊಂದು ಪಡೆ. ನೂರು ಜನರ ಯುನಿಟ್ ಕಟ್ಟಲು ನಿರ್ಮಾಪಕ ಮಾಡಿದ್ದು ಎಂಟೋ ಹತ್ತೋ ಕರೆ, ಅಷ್ಟೆ. ಮಿಕ್ಕ ತೊಂಬತ್ತು ಜನ ಯಾರು, ಎಲ್ಲಿಂದ ಬಂದರು ಎಂದು ಅವನಿಗೆ ಗೊತ್ತಾಗುವುದು ಸಂಬಳ ಕೇಳಿದಾಗಲೇ. ಛಾಯಾಗ್ರಾಹಕನಿಗೂ ನಿರ್ದೇಶಕನಿಗೂ ಜಟಾಪಟಿಯಾಗಿ ಒಬ್ಬ ಎದ್ದು ಹೋದನೋ, ಮರುದಿನ ಸೆಟ್ಟಿನಿಂದ ಇಪ್ಪತ್ತು ಜನ ಮಾಯ.

ಇದರಲ್ಲಿ ನ್ಯಾಯವೇ ಇಲ್ಲ ಅಂತ ನಾನು ಹೇಳಲಾರೆ. ತಲೆಯ ಮೇಲೆ ತೂಗುತ್ತಿರುವ ಲೈಟಿನ ಬೋಲ್ಟ್ ಬಿಗಿದವನು ಗುರುತಿನವನಾಗಿದ್ದರೆ ಕೆಳಗೆ ನಿಂತವನಿಗೆ ಸಮಾಧಾನ. ಆದರೆ ಅದೇ ಬಾಗಿಲಿನಿಂದ, ಅದೇ ನ್ಯಾಯದಿಂದ, ಬೋಲ್ಟನ್ನೇ ಕಂಡಿರದ ಅಕ್ಕನ ಮಗನೂ ಒಳಗೆ ಬರುತ್ತಾನೆ.

ಯಾರ ಕಡೆಯೂ ಅಲ್ಲದವನು ಏನು ಮಾಡಬೇಕು? ಅನುಭವ ತಗೊಂಡು ಬಾ ಅನ್ನುತ್ತಾರೆ. ಅನುಭವ ಬೇಕಾದರೆ ಕೆಲಸ ಬೇಕು. ಸಂಘದ ಕಾರ್ಡಿದ್ದರೆ ಕೆಲಸ, ಅಷ್ಟು ದಿನ ಕೆಲಸ ಮಾಡಿದ್ದರೆ ಕಾರ್ಡು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದವರು ಯಾವುದೋ ಯುನಿಟ್ ಆಫೀಸಿನ ಮೆಟ್ಟಿಲ ಮೇಲೆ ಕಾದು ಕೂತೇ ಹೇಳಿರಬೇಕು.

ಸಂಘ ಎಂದಾಗ ನೆನಪಾಯಿತು. ಅಮೆರಿಕದಲ್ಲಿ ತೆರೆಮರೆಯ ಕೆಲಸಗಾರರ ದೊಡ್ಡ ಒಕ್ಕೂಟ ಐಎಟಿಎಸ್‌ಇ ಹುಟ್ಟಿದ್ದು 1893ರಲ್ಲಿ, ನಾಟಕದ ರಂಗಮಂಚದವರು ಸೇರಿ ಕಟ್ಟಿದ್ದು. ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ಜನರಿಂದ ದುಡ್ಡು ತಗೊಂಡು ಸಿನಿಮಾ ತೋರಿಸಿದ್ದು 1895ರ ಡಿಸೆಂಬರ್‌ನಲ್ಲಿ. ಅಂದರೆ ಮುಂದೆ ಸಿನಿಮಾದವರನ್ನೂ ಸೇರಿಸಿಕೊಂಡ ಸಂಘ ಸಿನಿಮಾಗಿಂತ ಎರಡು ವರ್ಷ ಮೊದಲೇ ಬಂದು ನಿಂತಿತ್ತು. ಈ ಉದ್ಯಮದಲ್ಲಿ ಹೇಳಿದ ಸಮಯಕ್ಕಿಂತ ಮುಂಚೆ ಬಂದದ್ದು, ನನಗೆ ತಿಳಿದಂತೆ, ಅದೊಂದೇ. ಅಂದು ಲೂಮಿಯೇರ್‌ಗಳು ತೋರಿಸಿದ್ದರಲ್ಲಿ ಒಂದು, ಕಾರ್ಖಾನೆಯ ಗೇಟು ತೆರೆದು ಕೆಲಸಗಾರರು ಹೊರಗೆ ಹೋಗುವ ದೃಶ್ಯ. ಒಂದು ನಿಮಿಷವೂ ಇಲ್ಲ. ಕೆಲಸ ಮುಗಿಸಿ ಬೆಳಕಿರುವಾಗಲೇ ಮನೆಗೆ ಹೊರಟವರನ್ನು ಕ್ಯಾಮೆರಾ ಕಂಡಿತ್ತಲ್ಲ, ಆಮೇಲೆ ಅದರ ಹಿಂದೆ ನಿಂತವರಿಗೆ ಆ ಭಾಗ್ಯ ಸಿಕ್ಕಿದ್ದು ಕಡಿಮೆ.

ಸಿಕ್ಕ ಕೆಲಸಕ್ಕೂ ಒಂದು ಗೆರೆಯಿದೆ. ಅಲಂಕಾರದ ಮಾತಲ್ಲ, ಬಜೆಟ್ ಹಾಳೆಯ ಮೇಲೆ ನಿಜವಾಗಿಯೂ ಎಳೆದ ಗೆರೆ. ಗೆರೆಯ ಮೇಲೆ ಕಥೆ, ನಿರ್ಮಾಪಕ, ನಿರ್ದೇಶಕ, ಮುಖ್ಯ ನಟರು. ಗೆರೆಯ ಕೆಳಗೆ ನಾವೆಲ್ಲರೂ, ಕ್ಯಾಮೆರಾ ಬಾಡಿಗೆ, ಜನರೇಟರ್, ವ್ಯಾನು. ಖರ್ಚು ಮಿತಿಮೀರಿತು ಎಂದಾಗ ಕತ್ತರಿ ಕೆಳಗೇ ಬೀಳುತ್ತದೆ, ಮೇಲಿನದ್ದು ಮೊದಲೇ ಮಾತಾಗಿ ಹೋಗಿರುತ್ತದಲ್ಲ. ಜನರೇಟರ್ ಕಡಿಮೆ ಮಾಡಿದರೆ ಕತ್ತಲಾಗುತ್ತದೆ, ಹಾಗಾಗಿ ಅದಕ್ಕೂ ಕೈ ಹಚ್ಚುವುದಿಲ್ಲ.

ಪದವಿಗಳ ಹೆಸರಾದರೂ ಗೌರವ ತರುತ್ತದೆಯೇ? ಬೆಸ್ಟ್ ಬಾಯ್ ಎಂದರೆ ಐವತ್ತು ದಾಟಿದ ಗೃಹಸ್ಥನಿರಬಹುದು, ಹೆಣ್ಣುಮಗಳೂ ಇರಬಹುದು. ನನ್ನ ಪದವಿ ಮೂರನೇ ಅಸಿಸ್ಟೆಂಟ್ ಡೈರೆಕ್ಟರ್. ಡೈರೆಕ್ಟ್ ಮಾಡುವುದು ದಾರಿಹೋಕರನ್ನು. ವಾಕಿಟಾಕಿ ಹಿಡಿದು ಮೂಲೆಯಲ್ಲಿ ನಿಂತು, ಶಾಟ್ ಮುಗಿಯುವವರೆಗೆ ಯಾರೂ ಫ್ರೇಮಿಗೆ ನುಗ್ಗದಂತೆ ನೋಡಿಕೊಳ್ಳಬೇಕು. ಒಮ್ಮೆ ಬೆಳಗಿನ ನಾಲ್ಕಕ್ಕೆ ವಾಕಿಂಗ್ ಹೊರಟ ಹಿರಿಯರೊಬ್ಬರನ್ನು ತಡೆದೆ.

'ಏನಪ್ಪಾ, ಶೂಟಿಂಗಾ? ಹೀರೋ ಯಾರು?'

ಗೊತ್ತಿಲ್ಲ ಸಾರ್, ಅಂದೆ. ಸತ್ಯವನ್ನೇ ಹೇಳಿದ್ದು. ರಾತ್ರಿ ಫೋನಿನಲ್ಲಿ ಸಿನಿಮಾದ ಹೆಸರನ್ನೂ ಹೇಳಿರಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪ ಹೊತ್ತು ಬಿಟ್ಟು, 'ನನ್ನ ಮೊಮ್ಮಗನಿಗೆ ಇದರಲ್ಲೆಲ್ಲ ಬಹಳ ಆಸೆ. ಏನಾದರೂ ಕೆಲಸ ಸಿಗುತ್ತಾ?' ಅಂತ ಕೇಳಿದರು.

'ಯಾರ ಕಡೆಯವನು?' ಅಂದುಬಿಟ್ಟೆ. ಬಾಯಿ ನನ್ನದೇ.

ಇಷ್ಟಾದರೂ ಸೆಟ್ಟಿನಷ್ಟು ಕರಾರುವಾಕ್ಕಾದ ಜಾಗ ಇನ್ನೊಂದಿಲ್ಲ ಎಂಬುದನ್ನು ಒಪ್ಪಬೇಕು. ಚಿತ್ರಕಥೆಯ ಒಂದೊಂದು ಪುಟವನ್ನೂ ಎಂಟು ಭಾಗ ಮಾಡಿ, ಈ ಹೊತ್ತಿಗೆ ಮೂರು ಪುಟ ಮತ್ತು ಎಂಟರಲ್ಲಿ ಎರಡು ಎಂದು ಲೆಕ್ಕ ಹಿಡಿಯುತ್ತಾರೆ (ಅದನ್ನು ಕಾಲು ಪುಟ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ). ಕಾಲ್‌ಶೀಟ್‌ನಲ್ಲಿ, ಅಂದರೆ ಆಯಾ ದಿನದ ಚಿತ್ರೀಕರಣದ ವಿವರದ ಹಾಳೆಯಲ್ಲಿ, ಸೂರ್ಯ ಹುಟ್ಟುವ ಹೊತ್ತು, ಮುಳುಗುವ ಹೊತ್ತು, ಮಳೆಯ ಸಾಧ್ಯತೆ, ಹತ್ತಿರದ ಆಸ್ಪತ್ರೆಯ ವಿಳಾಸ, ಯಾರು ಎಷ್ಟಕ್ಕೆ ಮೇಕಪ್ಪಿಗೆ ಕೂರಬೇಕು, ಎಲ್ಲ ಇರುತ್ತದೆ. ನಾನು ಕಂಡ ಕಾಲ್‌ಶೀಟ್‌ಗಳಲ್ಲಿ ಇಲ್ಲದ್ದು ಒಂದೇ, ಪ್ಯಾಕಪ್ ಎಷ್ಟಕ್ಕೆ ಎಂಬುದು. ಇನ್ನು ಕಂಟಿನ್ಯುಯಿಟಿ, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದಿಕೆ, ನೋಡುವವರ ಪುಸ್ತಕ ತೆರೆದರೆ, ನಲವತ್ತೆರಡನೇ ದೃಶ್ಯದ ಏಳನೇ ಟೇಕಿನಲ್ಲಿ ನಾಯಕ ಎಡಗೈ ತೋಳನ್ನು ಎಷ್ಟು ಸುತ್ತು ಮಡಚಿದ್ದ ಎಂಬುದಕ್ಕೂ ಫೋಟೋ ಸಮೇತ ದಾಖಲೆ. ನಾನು ಒಟ್ಟು ಎಷ್ಟು ದಿನ ಕೆಲಸ ಮಾಡಿದೆ ಎಂಬುದಕ್ಕೆ ದಾಖಲೆ ಕೇಳಿದೆ. 'ನೆನಪಿದೆ ಬಿಡಪ್ಪಾ' ಅಂದರು.

ಪ್ಯಾಕಪ್ ಹೊತ್ತು ಬರೆಯದಿರುವುದರ ಫಲ ವಾರದ ಕೊನೆಗೆ ಕಾಣುತ್ತದೆ. ಸೋಮವಾರ ಬೆಳಿಗ್ಗೆ ಆರಕ್ಕೆ ಶುರು. ಮುಗಿದದ್ದು ತಡ, ಹಾಗಾಗಿ ಮಂಗಳವಾರ ಎಂಟಕ್ಕೆ. ಹೀಗೆ ಜಾರುತ್ತಾ ಜಾರುತ್ತಾ ಶುಕ್ರವಾರದ ಕೆಲಸ ಮಧ್ಯಾಹ್ನದ ಮೇಲೆ ಆರಂಭವಾಗಿ ಶನಿವಾರ ಸೂರ್ಯೋದಯಕ್ಕೆ ಮುಗಿಯುತ್ತದೆ. ಹಾಲಿವುಡ್ಡಿನವರು ಫ್ರೈಡೇ, ಸ್ಯಾಟರ್ಡೇ ಎರಡನ್ನೂ ಕಲಸಿ ಇದಕ್ಕೆ 'ಫ್ರಾಟರ್ಡೇ' ಎಂದು ಹೆಸರಿಟ್ಟಿದ್ದಾರೆ. ರೋಗಕ್ಕೆ ಮುದ್ದಿನ ಹೆಸರಿಟ್ಟರೆ ಔಷಧ ಹುಡುಕುವ ಕೆಲಸ ತಪ್ಪುತ್ತದೆ.

1997ರಲ್ಲಿ ಅಲ್ಲಿ ಒಬ್ಬ ಅಸಿಸ್ಟೆಂಟ್ ಕ್ಯಾಮೆರಾಮನ್ 19 ಗಂಟೆ ಕೆಲಸ ಮಾಡಿ, ಮನೆಗೆ ಕಾರು ಓಡಿಸುತ್ತಾ ನಿದ್ದೆ ಹತ್ತಿ, ಅಪಘಾತದಲ್ಲಿ ತೀರಿಕೊಂಡ. ಸಹೋದ್ಯೋಗಿಗಳು ದಿನದ ಕೆಲಸಕ್ಕೆ ಮಿತಿ ಬೇಕೆಂದು ಸಹಿ ಸಂಗ್ರಹಿಸಿದರು. ಎಷ್ಟು ಗಂಟೆಯ ಮಿತಿ ಅಂದುಕೊಂಡಿರಿ? 14. ಇದು ಕೆಲಸಗಾರರೇ ಇಟ್ಟ ಬೇಡಿಕೆ. 2021ರಲ್ಲಿ ಅದೇ ಐಎಟಿಎಸ್‌ಇಯ ಸುಮಾರು 60,000 ಸಿನಿಮಾ, ಟಿವಿ ಕೆಲಸಗಾರರ ಪರವಾಗಿ ಮುಷ್ಕರಕ್ಕೆ ಮತ ಹಾಕಿಸಿದಾಗ, ಬಿದ್ದ ಮತಗಳಲ್ಲಿ ಶೇಕಡ 98ಕ್ಕೂ ಹೆಚ್ಚು 'ಹೂಂ' ಎಂದೇ ಇತ್ತು. ಮುಷ್ಕರ ನಡೆಯದೆಯೇ ಒಪ್ಪಂದವಾಯಿತು. ಅದರಲ್ಲಿ ಸಿಕ್ಕ ದೊಡ್ಡ ಜಯಗಳಲ್ಲೊಂದು, ಒಂದು ದಿನದ ಪ್ಯಾಕಪ್‌ಗೂ ಮರುದಿನದ ಹಾಜರಿಗೂ ನಡುವೆ 10 ಗಂಟೆ ಬಿಡುವು. ಮನೆಗೆ ಹೋಗಿ, ಮಲಗಿ, ಎದ್ದು ಬರಲು ಅರವತ್ತು ಸಾವಿರ ಜನ ಮುಷ್ಕರದ ಬೆದರಿಕೆ ಹಾಕಬೇಕಾಯಿತು.

ಕೊನೆಗೆ ದುಡ್ಡಿನ ಮಾತು. ಎಷ್ಟೋ ಸಿನಿಮಾಗಳಿಗೆ ಆ ಒಂದು ಸಿನಿಮಾಕ್ಕೆಂದೇ ಒಂದು ಕಂಪನಿ ಹುಟ್ಟಿಸುತ್ತಾರೆ. ನಷ್ಟವೋ ಮೊಕದ್ದಮೆಯೋ ಬಂದರೆ ಅಲ್ಲಿಗೇ ನಿಲ್ಲಲಿ ಎಂಬ ಲೆಕ್ಕಾಚಾರ. ಸಿನಿಮಾ ಮುಗಿದ ಮೇಲೆ ಅದಕ್ಕೆ ಕೆಲಸವಿಲ್ಲ. ನನ್ನ ಹನ್ನೆರಡು ದಿನದ ಬಾಕಿ ಕೇಳಲು ಹೋದಾಗ ಆಫೀಸಿನ ಬಾಗಿಲ ಮೇಲೆ ಬೋರ್ಡಿನ ನಾಲ್ಕು ಮೊಳೆ ಮಾತ್ರ ಇದ್ದವು. ಅಲ್ಲಿ ಸಿಕ್ಕ ಅನುಭವ ಪತ್ರ ನನ್ನ ಹತ್ತಿರ ಈಗಲೂ ಇದೆ, ಕೊಟ್ಟ ಕಂಪನಿ ಇಲ್ಲ.

ಪ್ರೊಡಕ್ಷನ್ ಮ್ಯಾನೇಜರ್ ಹಳೆಯ ನಂಬರಿನಲ್ಲೇ ಸಿಕ್ಕಿದರು. ಸಾರ್, ನನ್ನ ಬಾಕಿ, ಅಂದೆ.

'ಅಯ್ಯೋ, ಅದು ಹಳೇ ಕಂಪನಿದು ಕಣಯ್ಯಾ. ನನಗೇ ಬರಬೇಕು. ಅದಿರಲಿ, ಹೊಸ ಪ್ರಾಜೆಕ್ಟ್ ಶುರುವಾಗಿದೆ, ಬೇರೆ ಕಂಪನಿ. ನಾಳೆ ಫ್ರೀ ಇದ್ದೀಯಾ?'

ಈ ಸಲ ಪಳಗಿದವನಂತೆ, ಯಾವ ಫ್ರೀ ಸಾರ್, ಅಂತ ಕೇಳಿದೆ. ಅವರು ನಕ್ಕರು. ಯೋಚಿಸಿ ಹೇಳ್ತೀನಿ ಸಾರ್, ಮೊದಲು ಕಾಲ್‌ಶೀಟ್ ಕಳಿಸಿ, ಅಂದೆ. ಅರ್ಧ ನಿಮಿಷದಲ್ಲಿ ಬಂತು. ಸೂರ್ಯೋದಯ, ಸೂರ್ಯಾಸ್ತ, ಆಸ್ಪತ್ರೆ. ಕೆಳಗೆ ಇಳಿಸುತ್ತಾ ಹೋದರೆ ಮೂರನೇ ಅಸಿಸ್ಟೆಂಟ್ ಡೈರೆಕ್ಟರ್ ಎಂಬುದರ ಎದುರು, ಹಾಜರಿ ಐದು ಗಂಟೆ ಎಂದು, ನನ್ನ ಹೆಸರು ಆಗಲೇ ಇತ್ತು. ಹೋದ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಬಂದಿದ್ದ ಅದೇ ತಪ್ಪು ಕಾಗುಣಿತದಲ್ಲಿ.