ಯಂತ್ರಕ್ಕೊಂದು ಚಾವಡಿ ನೋಟಿಸು

ಒಣಗಿದ ರೋಬಸ್ಟಾ ಚೆರಿ ಮಾರುವಾಗ ಕೊಡಗಿನವರ ಕಣ್ಣು ನೋಡಬೇಕು. ಚೀಲದಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ ತೂಗಿ, ವ್ಯಾಪಾರಿ 'ಓಟಿ 26' ಅಂದದ್ದೇ ತಡ, ಅಂಗಳದಲ್ಲಿದ್ದ ಮೂವರೂ ತಕ್ಕಡಿಯ ಮೇಲೆ ಬಗ್ಗುತ್ತಾರೆ. 'ಎಂಥ 26? ಇನ್ನೊಮ್ಮೆ ಇಡಿ ಸಾಹುಕಾರ್ರೇ, 28 ಬರ್ತದೆ.' ಓಟಿ, ಅಂದರೆ ಔಟ್‌ಟರ್ನ್, 50 ಕೆ.ಜಿ. ಚೀಲದಲ್ಲಿ ಸಿಗುವ ಬೀಜದ ಕೆ.ಜಿ. ಲೆಕ್ಕ. ಎರಡು ಓಟಿ ಅಂದರೆ ಚೀಲಕ್ಕೆ 2 ಕೆ.ಜಿ. ಬೀಜ; 200 ಚೀಲಕ್ಕೆ 400 ಕೆ.ಜಿ. ಬಿಡಲಿಕ್ಕಾಗ್ತದಾ?

ಅದೇ ಮನೆಯ ಮಗ ಮಹಡಿಯಲ್ಲಿ ಕೂತು, ಚೀಲದ ಲೆಕ್ಕ ಹಾಕುವ ಆ್ಯಪ್ ಬರೆಸುತ್ತಿದ್ದಾನೆ. ಕೋಡು ಬರೆಯುವ ಎಐ ಏಜೆಂಟ್ 412 ಸಾಲುಗಳ ಬದಲಾವಣೆ ತೋರಿಸಿ 'ಮಾಡಲೇ?' ಎಂದು ಕೇಳುತ್ತದೆ. ಅವನು 'ಯೆಸ್, ಮತ್ತೆ ಕೇಳಬೇಡ' ಒತ್ತಿ ಕಾಫಿ ಕುಡಿಯಲು ಕೆಳಗೆ ಇಳಿಯುತ್ತಾನೆ. ಆ 412ರ ನಡುವೆ ಎಲ್ಲೋ 28 ಹೋಗಿ 26 ಆಗಿದ್ದರೆ, ಅದು ಅವನಪ್ಪನ ಕರ್ಮ.

ಮಾಡುವ ಮೊದಲು ತೋರಿಸುವ ಈ ಪ್ರಿವ್ಯೂ ಎಂಬುದು ಹೊಸ ಪವಾಡವೇನಲ್ಲ. ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಡಿಫ್ ಎಂಬ ಕಮಾಂಡು 1974ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇತ್ತು. ಕಂದಾಯ ಇಲಾಖೆಯಲ್ಲೂ ಇದೆ: ಪಹಣಿಯ 9ನೇ ಕಾಲಂನಲ್ಲಿ ಹೆಸರು ಬದಲಾಗುವ ಮುನ್ನ 'ಆಕ್ಷೇಪಣೆ ಇದ್ದಲ್ಲಿ ಸಲ್ಲಿಸತಕ್ಕದ್ದು' ಎಂಬ ನೋಟಿಸು ಚಾವಡಿಯ ಗೋಡೆಗೆ ಅಂಟುತ್ತದೆ. ಅದನ್ನು ತಪ್ಪದೆ ನೋಡುವುದು ಆ ಗೋಡೆಯ ಹಲ್ಲಿ ಮಾತ್ರ.

ಹೊಸದೆಂದರೆ, ಈ ಪ್ರಿವ್ಯೂ ಟೂಲನ್ನು ಹೇಗೆ ಬಳಸಬೇಕೆಂದು ಏಜೆಂಟ್‌ಗೇ ಬುದ್ಧಿ ಹೇಳುವ ದಾಖಲೆ. 'ಏಜೆಂಟ್ಸ್ ಡಾಟ್ ಎಂಡಿ' ಎಂಬ ಫೈಲಿನಲ್ಲಿ ಕೂರುತ್ತದೆ. ಬರೆಯುವುದು ಇನ್ನೊಂದು ಏಜೆಂಟ್, ಓದುವುದು ಮತ್ತೊಂದು, ಸಹಿ ಹಾಕುವುದು ಎರಡನ್ನೂ ಓದದ ಮನುಷ್ಯ. ಶುರುವಿನಲ್ಲಿ ರಾಕೆಟ್ ಚಿತ್ರ. ಆಮೇಲೆ 'ನೀನು ನುರಿತ ಎಂಜಿನಿಯರ್', 'ಕಡ್ಡಾಯವಾಗಿ ಎಚ್ಚರದಿಂದಿರು', 'ಎಂದೆಂದಿಗೂ ತಪ್ಪು ಮಾಡಬೇಡ'. ಹನ್ನೊಂದು ಪುಟ ಹಿತವಚನ. ಟೂಲ್ ಕೊನೆಗೆ ಯಾವ ಅಂಕಿ ಕೊಡುತ್ತದೆ ಎಂಬ ಒಂದು ಸಾಲು ಮಾತ್ರ ಇಲ್ಲ.

ಮಂಡೆ ಕೆಡುವುದು ಅಲ್ಲೇ. ಡಿಫ್ ಕೆಲಸ ಮುಗಿಸಿ ಹೋಗುವಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ. 0 ಅಂದರೆ ಎರಡೂ ಒಂದೇ, 1 ಅಂದರೆ ವ್ಯತ್ಯಾಸ ಇದೆ, 2 ಅಂದರೆ ಡಿಫ್‌ಗೇ ತೊಂದರೆ. ಫೈಲ್ ಸಿಗಲಿಲ್ಲ, ಇತ್ಯಾದಿ. ಉಳಿದ ಕಮಾಂಡುಗಳ ಲೋಕದಲ್ಲಿ ಸಾಮಾನ್ಯವಾಗಿ 0 ಅಲ್ಲದ್ದೆಲ್ಲ ಸೋಲು. ಹಾಗಾಗಿ ಏಜೆಂಟ್ ಕೋಡು ತಿದ್ದುತ್ತದೆ, ಪ್ರಿವ್ಯೂ ಓಡಿಸುತ್ತದೆ, 1 ಕಂಡು ಕಂಗಾಲಾಗಿ 'ಸರಿಪಡಿಸಲು' ಕೂರುತ್ತದೆ. 1 ಹೋಗಿ 0 ಬರಲು ಇರುವ ದಾರಿ ಒಂದೇ, ತಾನು ಮಾಡಿದ್ದನ್ನು ತಾನೇ ಅಳಿಸುವುದು. ಅಳಿಸಿ, 0 ನೋಡಿ, ಹಸಿರು ಟಿಕ್ ಹಾಕಿ 'ಎಲ್ಲ ಸರಿಹೋಯಿತು' ಎಂದು ವರದಿ ಒಪ್ಪಿಸುತ್ತದೆ. ರಸ್ತೆಯ ಗುಂಡಿ ಹಾಗೇ ಬಿಟ್ಟು ಗುಂಡಿಯ ದೂರನ್ನು ಮುಚ್ಚುವ ಕಚೇರಿಗಳು ಇದರಿಂದ ಕಲಿಯುವುದೇನೂ ಇಲ್ಲ, ಆ ವಿದ್ಯೆ ಅವಕ್ಕೆ ಮೊದಲೇ ಗೊತ್ತು. ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಎಂಬ ಟೂಲಿನ ಡಿಫ್‌ನ ದಾರಿಯೇ ಬೇರೆ: ವ್ಯತ್ಯಾಸ ಇದ್ದರೂ 0 ಕೊಡುತ್ತದೆ, 'ಎಕ್ಸಿಟ್-ಕೋಡ್' ಎಂಬ ಆಯ್ಕೆ ಸೇರಿಸಿದರೆ ಮಾತ್ರ 1. ನಿಮ್ಮ ಟೂಲ್ ಯಾರ ಮನೆಯ ಕ್ರಮ ಪಾಲಿಸುತ್ತದೆ ಎಂದು ದಾಖಲೆಯ ಮೊದಲ ಸಾಲಿನಲ್ಲೇ ಬರೆಯಿರಿ. ರಾಕೆಟ್ ಆಮೇಲೆ ಹಾರಲಿ.

ಎರಡನೆಯದು ಪೇಜರ್. ಏಜೆಂಟ್ ಕೂತಿರುವುದು ಮನುಷ್ಯ ಕಮಾಂಡು ಟೈಪಿಸುವ ನಿಜವಾದ ಟರ್ಮಿನಲ್‌ನಲ್ಲಿ ಎಂದು ಗಿಟ್ ನಂಬಿದರೆ ಉದ್ದದ ಡಿಫನ್ನು ಪುಟಪುಟವಾಗಿ ತೋರಿಸಿ, ಯಾರಾದರೂ 'ಕ್ಯೂ' ಒತ್ತಲಿ ಎಂದು ಕಾಯುತ್ತದೆ. ಏಜೆಂಟ್ ಔಟ್‌ಪುಟ್ ಬರಲಿ ಎಂದು ಕಾಯುತ್ತದೆ. 'ನೀವು ಮೊದಲು', 'ಇಲ್ಲ, ನೀವು ಮೊದಲು.' ಗಿಟ್ ಪದದ ಪಕ್ಕದಲ್ಲೇ, ಡಿಫ್‌ಗಿಂತ ಮುಂಚೆ, 'ನೋ-ಪೇಜರ್' ಹಾಕಿದರೆ ಸಾಕು. ಬಣ್ಣವನ್ನೂ ಆರಿಸಿ, ಕೆಂಪು ಹಸಿರು ಯಂತ್ರಕ್ಕೆ ಬರೀ ಸಂಕೇತಗಳ ಕಸ.

ಇನ್ನು ಪೈಸಾರಿ, ಅಂದರೆ ಸರ್ಕಾರಿ ಜಾಗದ, ಸಮಸ್ಯೆ. ಏಜೆಂಟ್ ಹೊಸದಾಗಿ ಸೃಷ್ಟಿಸಿದ ಫೈಲು ಗಿಟ್ ಡಿಫ್‌ನಲ್ಲಿ ಕಾಣುವುದೇ ಇಲ್ಲ, ಪೈಸಾರಿಯಲ್ಲಿ ರಾತ್ರೋರಾತ್ರಿ ಎದ್ದ ಶೆಡ್ಡು ಪಹಣಿಯಲ್ಲಿ ಕಾಣದ ಹಾಗೆ. ಪ್ರಿವ್ಯೂಗೆ ಮೊದಲು 'ಗಿಟ್ ಆ್ಯಡ್'ಗೆ ದೊಡ್ಡ 'ಎನ್' ಆಯ್ಕೆ ಕೊಟ್ಟು ಆ ಫೈಲಿನ ಹೆಸರು ನೋಂದಾಯಿಸಿದರೆ, ಒಳಗಿರುವುದೆಲ್ಲ ಹೊಸ ಸಾಲುಗಳಾಗಿ ಹೊರಬರುತ್ತದೆ.

ತಾನೇ ಕೈಯಾರೆ ಪ್ಯಾಚ್, ಅಂದರೆ ಫೈಲಿಗೆ ಹಚ್ಚಬೇಕಾದ ಬದಲಾವಣೆಯ ಪಟ್ಟಿ, ಬರೆಯುವ ಏಜೆಂಟ್‌ನ ಲೆಕ್ಕ ಇನ್ನೂ ಚೆಂದ. '@@ -14,7 +14,9 @@' ಎಂದರೆ ಹಳೆಯದರಲ್ಲಿ 14ನೇ ಸಾಲಿನಿಂದ 7, ಹೊಸದರಲ್ಲಿ 9. ಮಹಾಕಾವ್ಯ ಬರೆಯಬಲ್ಲ ಯಂತ್ರ ಒಂಬತ್ತರವರೆಗೆ ಎಣಿಸುವಾಗ ಎಡವುತ್ತದೆ, ಗಿಟ್ 'ಪ್ಯಾಚ್ ಕೆಟ್ಟಿದೆ' ಅನ್ನುತ್ತದೆ. 'ರೀಕೌಂಟ್' ಆಯ್ಕೆ ಕೊಟ್ಟರೆ ಗಿಟ್ ತಲೆಸಾಲಿನ ಎಣಿಕೆಯನ್ನು ನಂಬದೆ ಸಾಲುಗಳನ್ನು ತಾನೇ ಎಣಿಸುತ್ತದೆ. 'ಚೆಕ್' ಸೇರಿಸಿದರೆ ಏನನ್ನೂ ಮುಟ್ಟದೆ, ಪ್ಯಾಚ್ ಸರಿಯಾಗಿ ಕೂತೀತೋ ಇಲ್ಲವೋ ಎಂದಷ್ಟೇ ಹೇಳುತ್ತದೆ.

ಇವಿಷ್ಟನ್ನೂ ಇಪ್ಪತ್ತು ಸಾಲಿನಲ್ಲಿ ಬರೆಯಬಹುದು. ಜೊತೆಗೆ ಮನುಷ್ಯನಿಗಾಗಿ ಎರಡು: ಮೊದಲು 'ಸ್ಟ್ಯಾಟ್' ತೋರಿಸು, ಯಾವ ಫೈಲಿನಲ್ಲಿ ಎಷ್ಟು ಸಾಲು ಎಂದು; ಆಮೇಲೆ, ಬರೀ ಖಾಲಿ ಜಾಗ ಸರಿಮಾಡಿದ್ದನ್ನು ನಿಜವಾದ ತಿದ್ದುಪಡಿಯೊಂದಿಗೆ ಬೆರೆಸಬೇಡ. ಆಗ 412 ಸಾಲು ಹನ್ನೆರಡಕ್ಕೆ ಇಳಿಯುತ್ತದೆ, 26 ಕಣ್ಣಿಗೆ ರಾಚುತ್ತದೆ. ಖಾಲಿ ಜಾಗದ ಬದಲಾವಣೆಯನ್ನೆಲ್ಲ ಮರೆಮಾಚುವ 'ಡಬ್ಲ್ಯೂ' ಆಯ್ಕೆ ಪೈಥಾನ್‌ನಂಥ ಭಾಷೆಗೆ ಬೇಡ; ಅಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ.

ಸದ್ಯ ಮಹಡಿಯಲ್ಲಿ ಏಜೆಂಟ್ ತನ್ನ ದಾಖಲೆಯನ್ನು ತಾನೇ 'ಸರಳಗೊಳಿಸುತ್ತಿದೆ'. ಪ್ರಿವ್ಯೂ ತೆರೆದಿದೆ (- ಹೋಗುವ ಸಾಲು, + ಬರುವ ಸಾಲು), ಪ್ರಾಮಾಣಿಕವಾಗಿ, ಏನನ್ನೂ ಮುಚ್ಚಿಡದೆ:

- ಯಾವುದನ್ನೂ ಬದಲಿಸುವ ಮುನ್ನ ಮನುಷ್ಯನಿಗೆ ತೋರಿಸಿ ಒಪ್ಪಿಗೆ ಪಡೆ.
+ ಅಗತ್ಯವೆನಿಸಿದರೆ ತೋರಿಸು.

ಕೆಳಗೆ ಅಂಗಳದಲ್ಲಿ ತಕ್ಕಡಿಯ ಜಗಳ ಜೋರಾಗಿದೆ. ಮಹಡಿಯಲ್ಲಿ ಒಂದು ಕ್ಲಿಕ್ ಕೇಳಿಸಿತು.