ಎ.ಕೆ., ಎ.ಡಿ. ಮತ್ತು ನಗುವ ಎಮೋಜಿ

ಜಾತಿ ಸಮೀಕ್ಷೆಯಲ್ಲಿ ಎ.ಕೆ. (ಆದಿ ಕರ್ನಾಟಕ), ಎ.ಡಿ. (ಆದಿ ದ್ರಾವಿಡ) ಅಂತಷ್ಟೇ ಬರೆಸಿದ ದಲಿತರನ್ನು ಗೇಲಿ ಮಾಡುವ ಒಂದೇ ಫಾರ್ವರ್ಡ್ ಇವತ್ತು ಮೂರು ಗ್ರೂಪಿನಲ್ಲಿ ಬಂದಿದೆ. ತಮ್ಮ ಜಾತಿ ಯಾವುದು ಅಂತಲೇ ಗೊತ್ತಿಲ್ಲದವರಿಗೆ ಮೀಸಲಾತಿ ಮಾತ್ರ ಬೇಕಂತೆ, ಕೆಳಗೆ ನಗುವ ಎಮೋಜಿಗಳ ಸಾಲು. ನನ್ನ ಗೋಡೆ ಓದುವವರಿಗೆ ಗೊತ್ತು, ಈ ವಿಷಯ ಕೆಣಕಿದರೆ ನಾನು ಉದ್ದ ಬರೆಯುತ್ತೇನೆ. ಪುರುಸೊತ್ತಿಲ್ಲದವರು ಮುಂದಕ್ಕೆ ಹೋಗಿ.

ಮೊದಲು ಲೆಕ್ಕ. ಒಳಮೀಸಲಾತಿಗಾಗಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವರೊಳಗೇ ಪಾಲು ಮಾಡುವುದಕ್ಕಾಗಿ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ 2025ರ ಮೇ 5ಕ್ಕೆ ಶುರುವಾಯಿತು. ಪಟ್ಟಿಯಲ್ಲಿ 101 ಪರಿಶಿಷ್ಟ ಜಾತಿಗಳು, ಲೆಕ್ಕಕ್ಕೆ ಸಿಕ್ಕವರು ಸುಮಾರು 1 ಕೋಟಿ 5 ಲಕ್ಷ ಜನ. ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಮೂಲ ಜಾತಿ ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತಷ್ಟೇ ಬರೆಸಿದರು. ಆಯೋಗ ಅವರದೇ ಒಂದು ಗುಂಪು ಮಾಡಿ ಶೇ 1 ಕೊಡಿ ಅಂದಿತು. ಆಗಸ್ಟ್ 19ರ ಸಚಿವ ಸಂಪುಟ ಐದು ಗುಂಪನ್ನು ಮೂರಕ್ಕಿಳಿಸಿ ಶೇ 17ನ್ನು 6, 6, 5 ಅಂತ ಹಂಚಿತು. ಎಡಗೈಗೆ (ಮಾದಿಗರು ಮತ್ತು ಅವರ ಸಂಬಂಧಿತ ಜಾತಿಗಳು) 6, ಬಲಗೈಗೆ (ಹೊಲೆಯರು ಮತ್ತು ಅವರ ಸಂಬಂಧಿತ ಜಾತಿಗಳು) 6, ಉಳಿದವರಿಗೆ 5. ಎ.ಕೆ. ಅಂದವರ ಪ್ರತ್ಯೇಕ ಗುಂಪು ಅಲ್ಲಿಗೆ ಮುಗಿಯಿತು. ಆ ಹಂಚಿಕೆಯಲ್ಲಿ ಅವರು ಎಡವೋ ಬಲವೋ ಒಂದು ಕೈ ಹಿಡಿಯಲೇಬೇಕು.

ಗೊತ್ತಿಲ್ಲ ಅಂತ ಯಾರು ಹೇಳಿದ್ದು? ಎ.ಕೆ. ಅನ್ನುವುದು ಮೂಲ ಜಾತಿಯ ಹೆಸರೇ ಅಲ್ಲ ಸ್ವಾಮಿ. ಬೈಗುಳವಾಗಿಬಿಟ್ಟಿದ್ದ ಹೆಸರು ಬಿಟ್ಟು ತಾವೇ ಇಟ್ಟುಕೊಂಡ ಹೆಸರು. 1917ರಲ್ಲಿ ಬೆಜವಾಡದಲ್ಲಿ (ಈಗಿನ ವಿಜಯವಾಡ) ದಲಿತ ನಾಯಕ ಭಾಗ್ಯರೆಡ್ಡಿ ವರ್ಮ ಅವರ ನೇತೃತ್ವದ ಸಮ್ಮೇಳನ ನಾಲ್ಕು ವರ್ಣದ ಹೊರಗಿನವರು ಅನ್ನುವ ಅರ್ಥದ ‘ಪಂಚಮ’ ಬೇಡ, ನಾವು ಆದಿ ಆಂಧ್ರರು ಅಂದಿತು. 1922ರಲ್ಲಿ ಮದ್ರಾಸ್ ಸರ್ಕಾರ ಆದಿ ದ್ರಾವಿಡ, ಆದಿ ಆಂಧ್ರ ಹೆಸರುಗಳನ್ನು ಒಪ್ಪಿತು. ಅದೇ ಗಾಳಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಆದಿ ಕರ್ನಾಟಕ ಬಂತು. ‘ಆದಿ’ ಅಂದರೆ ನಿಮಗಿಂತ ಮೊದಲು ಈ ನೆಲದಲ್ಲಿದ್ದವರು ನಾವು ಅಂತ. ಹೊಲೆಯ ಅನ್ನುವ ಪದಕ್ಕೆ ಹೊಲ ಮೂಲವೋ, ಮೈಲಿಗೆಯ ಅರ್ಥದ ಹೊಲೆ ಮೂಲವೋ ಎಂದು ಪಂಡಿತರು ಚರ್ಚೆ ಮಾಡಿಕೊಳ್ಳಲಿ. ಬೀದಿ ಜಗಳದಲ್ಲಿ ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಅನ್ನುವುದಕ್ಕೆ ನಿಘಂಟು ಬೇಕಿಲ್ಲ.

ಹೆಸರು ದಾಖಲೆಗೆ ಇಳಿದ ದಾರಿ ನೋಡಿ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ‘ಆ.ಕ.’ ಅಂತ ಗೀಚುತ್ತಾರೆ. ಅದೇ ಟಿಸಿಗೆ ಹೋಗುತ್ತದೆ. ಟಿಸಿ ನೋಡಿ ತಹಶೀಲ್ದಾರರ ಪ್ರಮಾಣಪತ್ರ. ಅಪ್ಪನ ಪ್ರಮಾಣಪತ್ರ ನೋಡಿ ಮಗನ ಟಿಸಿ. ಮೂರು ತಲೆಮಾರಿನ ಕಾಗದದಲ್ಲಿ ಹಳೆಯ ಹೆಸರು ಒಂದು ಕಡೆಯೂ ಇಲ್ಲ. ಈಗ ಎಡವೋ ಬಲವೋ ದಾಖಲೆ ಕೊಡು ಅಂದರೆ ಎಲ್ಲಿಂದ ತರುವುದು? ಹಳ್ಳಿಯಾದರೆ ಗ್ರಾಮ ಆಡಳಿತಾಧಿಕಾರಿ ಯಾವ ಕೇರಿ ಅಂತ ನೋಡಿ ವರದಿ ಬರೆದಾರು. ಯಶವಂತಪುರದ ಎರಡನೇ ಮಹಡಿಯ ಬಾಡಿಗೆ ಮನೆಗೆ ಯಾವ ಕೇರಿ? ಸಮೀಕ್ಷೆಗೆ ಒಂದು ಹೆಸರು, ಪ್ರಮಾಣಪತ್ರದಲ್ಲಿ ಇನ್ನೊಂದು. ನಾಳೆ ಕೆಲಸ ಸಿಕ್ಕಾಗ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಯಲ್ಲಿ ಸಿಂಧುತ್ವಕ್ಕೆ ತಕರಾರು ಬಂದರೆ ಅನ್ನುವ ಭಯ ಬೇರೆ.

ಮೈಸೂರು, ಚಾಮರಾಜನಗರದ ಕಡೆ ಎ.ಕೆ. ಅಂದರೆ ಬಹುತೇಕ ಹೊಲೆಯರು. ತುಮಕೂರು, ಚಿತ್ರದುರ್ಗದ ಕಡೆ ಅದೇ ಎ.ಕೆ. ಅಂದರೆ ಬಹುತೇಕ ಮಾದಿಗರು. ಹಾಗಾಗಿ ಆಫೀಸಿನಲ್ಲಿ ಕೂತು ಇವರನ್ನೆಲ್ಲ ಒಂದು ಕಡೆ ಹಾಕಿಬಿಡೋಣ ಅನ್ನುವುದೂ ಆಗದ ಮಾತು. ಇನ್ನೊಂದು ತಮಾಷೆ (ತಮಾಷೆ ಏನು ಬಂತು): ಮರ್ಯಾದೆಗೆ ಅಂತ ಇಟ್ಟ ಹೆಸರು ಬೋರ್ಡಿಗೆ ಹತ್ತಿ ‘ಎ.ಕೆ. ಕಾಲೋನಿ’ ಆಯಿತು. ಈಗ ವಿಳಾಸ ಹೇಳಿದರೆ ಸಾಕು, ಜಾತಿ ಕೇಳಬೇಕಾಗಿಲ್ಲ.

ಬಾಗಿಲಲ್ಲಿ ಏನಾಗುತ್ತದೆ ಅಂತ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗಣತಿಗೆ ಬಂದ ಟೀಚರು ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾರೆ. ಪಾಪ, ಅವರಿಗೂ ಬೆಳಗ್ಗೆಯಿಂದ ಆ್ಯಪ್ ಸ್ತಬ್ಧ. ಕೆಳಗೆ ಓನರ್ ಗಿಡಕ್ಕೆ ನೀರು ಹಾಕುತ್ತಾ ಕಿವಿ ಇತ್ತ ಕೊಟ್ಟಿದ್ದಾನೆ. ‘ಎಸ್‌ಸಿನಾ? ಸರಿ. ಅದ್ರಲ್ಲಿ ಯಾವ್ದು? ಎ.ಕೆ. ಬೇಡಮ್ಮಾ, ಒರಿಜಿನಲ್ ಹೇಳಿ.’ ಗಟ್ಟಿಯಾಗಿ. ನಾವು ವೆಜ್ಜೇ ಅಂತ ಸುಳ್ಳು ಹೇಳಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟ ಮನೆ ಅದು. ಆ ಹೆಂಗಸು ‘ಎ.ಕೆ.ನೇ ಬರ್ಕೊಳಿ ಮೇಡಂ’ ಅಂದರೆ ಅದು ಅಜ್ಞಾನವೇ?

ಹೀಗೆ ಮುಚ್ಚಿಡುವುದಕ್ಕೂ ದಕ್ಷಿಣದಲ್ಲಿ ಹುಟ್ಟಿರಬೇಕು. ಹಳೇ ಮೈಸೂರಿನಲ್ಲಿ ಊರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಎಲ್ಲವನ್ನೂ ನುಂಗಿಬಿಡುತ್ತವೆ. ಬಾಗಲಕೋಟೆ, ವಿಜಯಪುರದ ಕಡೆ ಅಡ್ಡಹೆಸರೇ ಮಾದರ, ಛಲವಾದಿ, ಹರಿಜನ. ಹಾಜರಿ ಕೂಗುವಾಗಲೇ ಇಡೀ ಕ್ಲಾಸಿಗೆ ಗೊತ್ತು. ಅಲ್ಲಿಯವರಿಗೆ ಎ.ಕೆ. ಅನ್ನುವ ಛತ್ರಿಯೂ ಇಲ್ಲ.

ಗೆಳೆಯರೊಬ್ಬರ ವಾದ ಹೀಗಿದೆ: ಆಂಧ್ರದ ಮಂದ ಕೃಷ್ಣ ಮಾದಿಗ ತಮ್ಮ ಜಾತಿಯ ಹೆಸರನ್ನೇ ಹೆಸರಿಗೆ ಸೇರಿಸಿಕೊಂಡು 1994ರಲ್ಲಿ ಒಳಮೀಸಲಾತಿಗಾಗಿ ಚಳವಳಿ ಕಟ್ಟಲಿಲ್ಲವೇ? ಹೆಸರು ಹೇಳದಿದ್ದರೆ ಯಾರ ಪಾಲು ಯಾರಿಗೆ ಹೋಯಿತು ಅನ್ನುವ ಲೆಕ್ಕ ಹೇಗೆ ಸಿಗುತ್ತದೆ? ಮಾತು ಸರಿ, ಎಡಗೈಯವರ ಆ ಹಸಿವು ನಿಜ, ಅದನ್ನು ಅಲ್ಲಗಳೆಯುವಷ್ಟು ಮೂರ್ಖತನ ನನಗಿಲ್ಲ. ಆದರೆ ಸಾವಿರಾರು ಜನರ ಮೆರವಣಿಗೆಯಲ್ಲಿ ಎದೆ ತಟ್ಟಿ ಹೇಳುವುದೂ ಓನರ್ ಎದುರು ಒಬ್ಬಂಟಿಯಾಗಿ ಹೇಳುವುದೂ ಒಂದೇ ಅಲ್ಲ. ಮದುವೆ ಸಂಬಂಧ ಕುದುರಿಸುವಾಗ ಗೊತ್ತಾಗುತ್ತಲ್ಲ ಅನ್ನುತ್ತೀರಿ. ಆಗುತ್ತದೆ. ಗೊತ್ತಿರುವುದಕ್ಕೇ ತಾನೇ ಬಾಯಿ ಕಟ್ಟುವುದು.

ನನ್ನ ಪಿತ್ತ ನೆತ್ತಿಗೇರುವುದು ಇಲ್ಲಿ. ಅದೇ 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಇನ್ನೊಂದು ಸಮೀಕ್ಷೆಯಲ್ಲಿ, ಹಿಂದುಳಿದ ವರ್ಗಗಳ ಆಯೋಗ ಎಲ್ಲ ಜಾತಿಯವರ ಮನೆಗೂ ಹೋಗಿ ಮಾಡಿದ 60 ಪ್ರಶ್ನೆಗಳದ್ದು, ಬೆಂಗಳೂರಿನ ಬಹಳ ಹೆಸರಾಂತ ಮನೆಯವರು ನಾವು ಹಿಂದುಳಿದವರಲ್ಲ, ಮಾಹಿತಿ ಕೊಡೋದಿಲ್ಲ ಅಂತ ಬರೆದುಕೊಟ್ಟರು. ಮಾಹಿತಿ ಕೊಡುವುದು ಕಡ್ಡಾಯವಲ್ಲ ಅಂತ ಹೈಕೋರ್ಟೂ ಹೇಳಿತ್ತು. ಸರಿ, ಅವರ ಹಕ್ಕು. ಆಗ ಈ ಗ್ರೂಪುಗಳಲ್ಲಿ ಚಪ್ಪಾಳೆ. ಅವರು ಹೇಳದಿದ್ದರೆ ಘನತೆ, ಬಾಡಿಗೆ ಮನೆಯ ಆ ಹೆಂಗಸು ಹೇಳದಿದ್ದರೆ ‘ಗೊತ್ತಿಲ್ಲ’! ಊರಲ್ಲಿ ಲಿಂಗಾಯತ ಐನೋರು, ಅರ್ಜಿಯಲ್ಲಿ ಪರಿಶಿಷ್ಟ ಜಾತಿಯ ಬೇಡ ಜಂಗಮ ಆಗುವವರೂ ಇದ್ದಾರೆ. ಅವರ ಬಗ್ಗೆ ಇಷ್ಟು ಎಮೋಜಿ ನಾನು ಕಂಡಿಲ್ಲ. ಕಾರಿನ ಹಿಂಗಾಜಿನಲ್ಲಿ ಜಾತಿ ಬರೆಸಿ ಓಡಾಡುವವರಿಗೆ ಜಾತಿ ಹೇಳುವುದು ಎಷ್ಟು ಸಲೀಸು ನೋಡಿ.

ಮುಂದಿನ ಸಲ ಯಾರಾದರೂ ಇಂಥ ಗಣತಿಗೆ ತರಬೇತಿ ಕೊಡುತ್ತಿದ್ದರೆ ಇಷ್ಟು ಮಾಡಿ. ಜಾತಿಯ ಪ್ರಶ್ನೆಯನ್ನು ಬಾಯಲ್ಲಿ ಕೇಳಬೇಡಿ. ಮೊಬೈಲನ್ನೇ ಅವರ ಕೈಗೆ ಕೊಟ್ಟು, ಪಟ್ಟಿ ತೆರೆದು, ಅವರೇ ಒತ್ತಲಿ ಅಂತ ಬಿಡಿ. ಓದು ಬಾರದವರಾದರೆ ಒಳಗೆ ಹೋಗಿ, ಬಾಗಿಲು ಸ್ವಲ್ಪ ಮುಂದಕ್ಕೆಳೆದುಕೊಂಡು, ಮೆಲ್ಲಗೆ ಕೇಳಿ. ಎ.ಕೆ. ಅಂತ ಒತ್ತಿದರೆ ‘ಒರಿಜಿನಲ್’ ಯಾವುದು ಅಂತ ಕೆದಕಬೇಡಿ. ಬಲ, ಎಡ ಅಂತ ಎರಡು ಗುಂಡಿ ಇಟ್ಟರೂ ಲೆಕ್ಕಕ್ಕೆ ಸಾಕು. ಆ ಪದವನ್ನು ಅವರ ಬಾಯಿಂದಲೇ ಹೊರಡಿಸಬೇಕು ಅನ್ನುವ ಹಟ ಯಾಕೆ?