ಥರ್ಮೋಸ್ಟಾಟ್‌ಗೆ ಕೈಹಾಕುವ ಮೊದಲು
ಸೈಡ್-ಬೈ-ಸೈಡ್ ಗಾಡಿ (ಅಕ್ಕಪಕ್ಕ ಸೀಟಿರುವ, ಕಚ್ಚಾ ದಾರಿಯಲ್ಲಿ ಓಡಿಸುವ ಗಾಡಿ) ಬಿಸಿಯಾದರೆ ಬೇಗ ತೆರೆದುಕೊಳ್ಳುವ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲಂಟ್ ಅಂದರೆ ತಂಪುದ್ರವವನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ಹಾಕಿಸಿ ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ನನಗೆ ಒಪ್ಪಿಗೆಯಿಲ್ಲ. ಅದು ಬೇಗ ತೆರೆಯುತ್ತದೆ, ಅಷ್ಟೇ. ಪೂರ್ತಿ ತೆರೆದ ಮೇಲೆ ಶಾಖ ಹೊರಹಾಕಬೇಕಾದದ್ದು ರೇಡಿಯೇಟರ್. ಅದಕ್ಕೇ ತಾಕತ್ತಿಲ್ಲದಿದ್ದರೆ ಬಿಸಿ ತೋರಿಸುವ ಮುಳ್ಳು ಮತ್ತೆ ಮೇಲೇರುತ್ತದೆ.

ನಾನಿರುವುದು ಅರಿಜೋನಾದಲ್ಲಿ. ಫೀನಿಕ್ಸ್ ಸುತ್ತಮುತ್ತ ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಮಾಮೂಲು. ಏರು ನಿಧಾನಕ್ಕೆ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಇರುವುದಿಲ್ಲ, ಫ್ಯಾನೇ ಗತಿ. ಅದಕ್ಕೇ ಫ್ಯಾನಿಗೆ ರಿಲೇ (ಹೆಚ್ಚಿನ ಕರೆಂಟ್ ಹೊರುವ ವಿದ್ಯುತ್ ಸ್ವಿಚ್) ಸಮೇತ ಬೇರೆ ಸ್ವಿಚ್ ಹಾಕಿಸಿದೆ. ಏರು ಶುರುವಾಗುವ ಮೊದಲೇ ಒತ್ತುತ್ತೇನೆ. ಆಮೇಲೆ ದಪ್ಪನೆಯ ಅಲ್ಯೂಮಿನಿಯಂ ರೇಡಿಯೇಟರ್. ನಿಜವಾದ ಬದಲಾವಣೆ ಕಂಡದ್ದು ಇವೆರಡರಿಂದಲೇ.

ಆದರೆ ದುಡ್ಡು ಸುರಿಯುವ ಮೊದಲು ರೇಡಿಯೇಟರ್‌ನ ಫಿನ್‌ಗಳಲ್ಲಿ (ತೆಳು ಲೋಹದ ಪಟ್ಟಿಗಳಲ್ಲಿ) ಕೂತ ಕೆಸರು ತೊಳೆಯಿರಿ, ದಯವಿಟ್ಟು. ಪ್ರೆಷರ್ ವಾಷರ್ ಬೇಡ, ಫಿನ್ ಬಾಗುತ್ತವೆ. ಮಾಮೂಲಿ ಪೈಪಿನಲ್ಲಿ, ಹಿಂಬದಿಯಿಂದ ಮುಂದಕ್ಕೆ. ಕೂಲಂಟ್ ಬದಲಿಸಿದರೆ ಗಾಡಿಯ ಮೂತಿ ಎತ್ತಿ ನಿಲ್ಲಿಸಿ ಗಾಳಿಗುಳ್ಳೆ ಹೊರಬಿಡಿ.

ಲೇಖನದಲ್ಲಿ ಬಿಟ್ಟುಹೋದ ಒಂದು ಮಾತು: ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ನೀರು-ಗ್ಲೈಕಾಲ್ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಸಾಮಾನ್ಯ ಒತ್ತಡದಲ್ಲಿ ಸುಮಾರು 106 ಡಿಗ್ರಿಗೆ ಕುದಿಯಬೇಕು. ಒಳಗಿನ ಒತ್ತಡ ಅದನ್ನು ತಡೆದಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಮುಖಕ್ಕೇ ಚಿಮ್ಮುತ್ತದೆ.